ಸೌದೆ ತೂಗಿ ನೋಡಿದ ತಕ್ಕಡಿ ಅಕ್ಕ

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ತಕ್ಕಡಿ ಅಕ್ಕ ಎಂದೇ. ಅಪ್ಪನಿಂದ ಬಂದ ಸಣ್ಣ ಅಂಗಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದಾಳೆ. ದಿನಸಿ ಅಂಗಡಿಯ ತಕ್ಕಡಿ, ಅಂಚೆ ಕಚೇರಿಯ ತಕ್ಕಡಿ, ಹಸುಗೂಸುಗಳನ್ನು ಮಲಗಿಸಿ ತೂಗುವ ಆಸ್ಪತ್ರೆಯ ತಕ್ಕಡಿ, ನನ್ನ ಬೇಕರಿಯ ಹಿಟ್ಟಿನ ತಕ್ಕಡಿ, ಎಲ್ಲವೂ ಒಂದಲ್ಲ ಒಂದು ದಿನ ಅವಳ ಮೇಜಿನ ಮೇಲೆ ಅಂಗಾತ ಮಲಗಿವೆ. ಯಾರಾದರೂ ‘ಇದು ಸ್ವಲ್ಪ ಹಗುರ’ ಎಂದರೆ ‘ಎಷ್ಟು ಹಗುರ?’ ಎನ್ನುತ್ತಾಳೆ. ‘ಬಹಳ ದಿನ ಆಯ್ತು’ ಎಂದರೆ ‘ಎಷ್ಟು ದಿನ?’ ಎನ್ನುತ್ತಾಳೆ. ಜಗಳಕ್ಕೆ ಕೇಳುವುದಲ್ಲ, ನಿಜಕ್ಕೂ ಅವಳಿಗೆ ಗೊತ್ತಾಗಬೇಕು. ಇದಕ್ಕೆ ರೇಗುವವರಲ್ಲಿ ಮೊದಲಿಗ ಅವಳ ಗಂಡ. ಬಸ್ ಓಡಿಸುತ್ತಾನೆ, ಮಾತು ಕಡಿಮೆ, ಬೀದಿಗೆಲ್ಲ ಡ್ರೈವರಣ್ಣ.

ಐದು ವರ್ಷದ ಹಿಂದೆ, ಚಳಿ ಶುರುವಾಗುವ ಹೊತ್ತಿಗೆ, ಡ್ರೈವರಣ್ಣನ ತಾಯಿ ಇವರ ಜೊತೆ ಇರಲು ಬಂದರು. ಅವರಿಗೆ ಮಂಡಿನೋವು. ಕರೆಂಟಿನ ಹೀಟರ್ ಇಟ್ಟರೆ ಒಂದು ಕಾಲು ಬೆಚ್ಚಗಾಗುತ್ತಿತ್ತು, ಇನ್ನೊಂದು ಸರದಿಗಾಗಿ ಕಾಯುತ್ತಿತ್ತು. ಅದೇ ಸಮಯಕ್ಕೆ ಊರ ಹೊರಗಿನ ಹಳೆಯ ವಸತಿಗೃಹವೊಂದು ಮುಚ್ಚಿ, ಅದರ ಸಾಮಾನುಗಳನ್ನು ಮಾರುತ್ತಿದ್ದರು. ಡ್ರೈವರಣ್ಣ ಅಲ್ಲಿಂದ ಒಂದು ಸೌದೆ ಒಲೆ ತಂದ. ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಅದರ ಕೆಳಗೆ ಗಾಳಿಗೆಂದು ಸರಿಸಿ ತೆರೆಯುವ ಕಂಡಿ, ಹಿಂಭಾಗದಿಂದ ಹೊರಟು ಗೋಡೆ ತೂರಿ ಸೂರಿನ ಮೇಲಕ್ಕೆ ಏರುವ ಹೊಗೆ ಕೊಳವೆ. ನಾಲ್ಕು ಜನ ಏದುಸಿರು ಬಿಡುತ್ತ ಅದನ್ನು ಹೊತ್ತು ತಂದಾಗ ಅಕ್ಕ ಬಾಗಿಲಲ್ಲೇ ನಿಂತು, “ಎಷ್ಟು ತೂಕ ಇದೆ?” ಎಂದಳು. ಹೊತ್ತವರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಮೊದಲ ದಿನ ಒಲೆ ಹೊತ್ತಿಸಿದಾಗ ನಾನೂ ನೋಡಲು ಹೋಗಿದ್ದೆ. ನನ್ನ ಬೇಕರಿಯದು ಕರೆಂಟಿನ ಓವನ್. ನಿಜವಾದ ಬೆಂಕಿಯ ಬಗ್ಗೆ ನನಗೆ ಗೊತ್ತಿದ್ದುದು ಅಷ್ಟಕ್ಕಷ್ಟೆ. ಡ್ರೈವರಣ್ಣ ಸೌದೆ ತುಂಬಿ, ಕಾಗದಕ್ಕೆ ಬೆಂಕಿ ಹಚ್ಚಿ, ಬಾಗಿಲು ಹಾಕಿದ. ಐದೇ ನಿಮಿಷದಲ್ಲಿ ನಾವೆಲ್ಲ ಕಣ್ಣೀರು ಸುರಿಸುತ್ತ ಅಂಗಳದಲ್ಲಿದ್ದೆವು. ಸೌದೆಯ ತುದಿಗಳಿಂದ ಸುಯ್ ಸುಯ್ ಎಂದು ನೊರೆ ಬರುತ್ತಿತ್ತು. ಬೆಂಕಿ ಹೆಸರಿಗೆ ಮಾತ್ರ.

“ಒಲೆ ಸರಿಯಿಲ್ಲ, ವಾಪಸ್ ಕೊಟ್ಟುಬಿಡ್ತೀನಿ,” ಎಂದ ಡ್ರೈವರಣ್ಣ.

“ಒಲೆ ಏನು ಮಾಡುತ್ತಪ್ಪಾ? ಸೌದೆ ಹಸಿ,” ಎಂದರು ಅವನ ತಾಯಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

“ಹಸೀನಾ? ಮಾರಿದವನು ಒಣಗಿದ್ದು ಅಂದನಲ್ಲಮ್ಮ!”

ಅಕ್ಕ ಎಂದಿನಂತೆ ಕೇಳಿದಳು: “ಎಷ್ಟು ಹಸಿ?”

ಮರುದಿನ ಅಂಗಡಿಗೆ ಹೋಗುವಾಗ ಅವಳು ಒಂದು ಕೊರಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಇಡೀ ಬೀದಿ ನೋಡಿತು. ಅಂಗಡಿಯ ಅತಿ ನಿಖರ ತಕ್ಕಡಿಯ ಮೇಲೆ ಇಟ್ಟಾಗ ನಾಲ್ಕು ಕಿಲೋ ನೂರು ಗ್ರಾಂ. ಅದನ್ನು ಕೊರಡಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು, ಹಿತ್ತಲಿನ ತಗಡಿನ ಮಾಡಿನ ಕೆಳಗೆ ಗಾಳಿಯಾಡುವಂತೆ ಇಟ್ಟಳು. ಪ್ರತಿ ಸೋಮವಾರ ಅದು ಅಂಗಡಿಗೆ ಬರುತ್ತಿತ್ತು, ತೂಗಿಸಿಕೊಳ್ಳುತ್ತಿತ್ತು, ಸಂಜೆ ಮನೆಗೆ ಹೋಗುತ್ತಿತ್ತು. ಹಳೆಯ ಅಂಕಿಯ ಕೆಳಗೆ ಹೊಸ ಅಂಕಿ. ತಕ್ಕಡಿ ಕೊಡಲು ಬಂದ ಅಂಚೆಯವರು ಒಮ್ಮೆ, “ಏನಕ್ಕಾ, ಕೂಸು ಇಳಿದುಹೋಗಿದೆ, ಸರಿಯಾಗಿ ಹಾಲು ಕುಡಿಸ್ತಿಲ್ವಾ?” ಎಂದು ಕೇಳಿದರು. ಅಕ್ಕ ನಗಲಿಲ್ಲ. “ಈ ವಾರ ಎಂಬತ್ತು ಗ್ರಾಂ ಇಳಿದಿದೆ. ಹೋದ ವಾರ ಮಳೆ ಬಂದಾಗ ಬರೀ ಹತ್ತು,” ಎಂದಳು.

ಆ ಚಳಿಗಾಲ ಹೇಗೋ ಹೊಗೆಯಲ್ಲೇ ಕಳೆಯಿತು. ಬೇಸಿಗೆ ಬಂದು ಹೋಯಿತು. ಮತ್ತೆ ಚಳಿ ಬರುವಷ್ಟರಲ್ಲಿ ಕೊರಡು ಎರಡು ಕಿಲೋ ಏಳುನೂರಕ್ಕೆ ಬಂದು ನಿಂತುಬಿಟ್ಟಿತ್ತು. ಮೂರು ವಾರವಾದರೂ ಕದಲಲಿಲ್ಲ. ಅಕ್ಕ ಅಂದು ಸಂಜೆ ಒಂದು ಜಗ್ಗಿನಲ್ಲಿ ಒಂದು ಲೀಟರು ನಾಲ್ಕುನೂರು ಮಿಲಿಲೀಟರು ನೀರು ಅಳೆದು ಗಂಡನ ಮುಂದೆ ಇಟ್ಟಳು.

“ರೀ, ಈ ನೀರನ್ನ ಒಲೆಗೆ ಸುರೀತೀರಾ?”

“ತಲೆ ಕೆಟ್ಟಿದ್ಯೇನೆ?”

“ಹೋದ ವರ್ಷ ಪೂರ್ತಿ ಸುರಿದ್ವಿ. ಒಂದೊಂದು ಕೊರಡಿಗೆ ಒಂದೊಂದು ಜಗ್ಗು. ಬೆಂಕಿ ನಮ್ಮನ್ನ ಬೆಚ್ಚಗೆ ಮಾಡೋದು ಬಿಟ್ಟು ಈ ನೀರು ಕಾಯಿಸ್ತಾ ಕೂತಿತ್ತು.”

ಡ್ರೈವರಣ್ಣ ಜಗ್ಗನ್ನು ನೋಡಿದ, ಕೊರಡನ್ನು ನೋಡಿದ, ಹೊರಗೆ ಹೋಗಿ ಮಾಡಿಗೆ ಇನ್ನೆರಡು ತಗಡು ಹೊಡೆದ. ಅವನಿಂದ ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಯಾರೂ ನಿರೀಕ್ಷಿಸುವುದಿಲ್ಲ.

ಆಮೇಲೆ ಅಕ್ಕನಿಗೆ ಒಲೆಯ ಹುಚ್ಚು ಹಿಡಿಯಿತು. ಎರಡು ಸೌದೆಗಳನ್ನು ಒಂದಕ್ಕೊಂದು ಬಡಿದು ಕೇಳುತ್ತಿದ್ದಳು: ಒಣಗಿದ್ದು ಟಣ್ ಎನ್ನುತ್ತದೆ, ಹಸಿ ದಪ್ ಎನ್ನುತ್ತದೆ. ಒಲೆ ಹೊತ್ತಿಸುವ ಮೊದಲು ಒಂದು ಕಾಗದದ ಸುರುಳಿ ಉರಿಸಿ ಕೊಳವೆಯ ಬಾಯಿಗೆ ಹಿಡಿಯುತ್ತಿದ್ದಳು. ಕೊಳವೆಯಲ್ಲಿ ತಣ್ಣನೆಯ ಗಾಳಿ ಬಿರಡೆಯಂತೆ ಕೂತಿರುತ್ತದೆ, ಅದನ್ನು ಬಿಸಿಮಾಡಿ ಮೇಲಕ್ಕೆ ಕಳಿಸಿದರೆ ಹೊಗೆಗೆ ದಾರಿ ಸಿಗುತ್ತದೆ ಎಂದು ಅವಳು ಕಂಡುಕೊಂಡಿದ್ದಳು. ದಪ್ಪ ಸೌದೆ ಕೆಳಗೆ, ಅದರ ಮೇಲೆ ತೆಳ್ಳನೆಯವು, ತುತ್ತತುದಿಗೆ ಚಕ್ಕೆ, ಅದಕ್ಕೆ ಬೆಂಕಿ. ಉರಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು.

“ಎಪ್ಪತ್ತು ವರ್ಷ ಬೆಂಕಿ ನೋಡಿದೀನಿ, ಯಾರೂ ನೆತ್ತಿಗೆ ಬೆಂಕಿ ಹಚ್ಚಿದ್ದು ಕಾಣೆ,” ಎಂದು ನಕ್ಕರು ಅತ್ತೆ.

“ನೋಡೋಣ ಇರಿ ಅತ್ತೆ.”

ಹೊಗೆಯಿಲ್ಲದೆ ಉರಿ ನಿಧಾನವಾಗಿ ಇಳಿದು ಬಂತು. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಎರಡೂ ಕಾಲು ಚಾಚಿ, ಒಂದು ಗಂಟೆ ಅಲ್ಲೇ ಕೂತರು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಗೊತ್ತಾಯಿತು ಎಂದುಕೊಂಡ ಮೇಲೆಯೇ ಅಕ್ಕ ಎಡವಿದ್ದು.

ಮೂರನೆಯ ಚಳಿಗಾಲದಲ್ಲಿ ಅಂಗಡಿಗೆ ಕೆಲಸ ಜಾಸ್ತಿ ಬಂತು. ಬೆಳಿಗ್ಗೆ ಒಲೆ ಹೊತ್ತಿಸಿ ಹೋದರೆ ಸಂಜೆಯ ತನಕ ಉಳಿಯಬೇಕು. ಮಂಡಿ ಹಿಡಿದ ಅತ್ತೆ ಬಗ್ಗಿ ಸೌದೆ ಹಾಕಲಾರರು. ಅಕ್ಕ ಒಂದು ಉಪಾಯ ಹುಡುಕಿದಳು. ಒಲೆ ತುಂಬ ಸೌದೆ ಜೋಡಿಸಿ, ಗಾಳಿಯ ಕಂಡಿಯನ್ನು ಕೂದಲೆಳೆಯಷ್ಟು ಬಿಟ್ಟು ಮುಚ್ಚಿಬಿಡುತ್ತಿದ್ದಳು. ಸೌದೆ ಉರಿಯದೆ, ಆರದೆ ದಿನವಿಡೀ ಮಿಣಮಿಣ ಎನ್ನುತ್ತಿತ್ತು. ಒಮ್ಮೆ ತುಂಬಿದ ಸೌದೆ ಒಂಬತ್ತು ಗಂಟೆ ಬಂತು ಎಂದು ನನ್ನ ಬೇಕರಿಗೆ ಬಂದು ಹೆಮ್ಮೆಯಿಂದ ಹೇಳಿಕೊಂಡಳು.

ಅತ್ತೆ ಎರಡು ಸಲ ಹೇಳಿದ್ದರಂತೆ. “ಗಾಜು ನೋಡಮ್ಮ, ಕಪ್ಪಾಗ್ತಾ ಇದೆ. ಉರಿ ಕಾಣ್ತಾನೇ ಇಲ್ಲ.”

“ಭಾನುವಾರ ಒರೆಸ್ತೀನಿ ಅತ್ತೆ.”

“ವಾಸನೇನೂ ಬೇರೆ ಥರ ಇದೆ. ಡಾಂಬರು ಕಾಯಿಸಿದ ಹಾಗೆ.”

“ಕಿಟಕಿ ಸ್ವಲ್ಪ ತೆಗೀತೀನಿ.”

ಎಲ್ಲದಕ್ಕೂ ಎಷ್ಟು, ಏಕೆ ಎನ್ನುವವಳು ಅದಕ್ಕೆ ಮಾತ್ರ ಏಕೆ ಎನ್ನಲಿಲ್ಲ. ಒಂಬತ್ತು ಗಂಟೆ ಎಂಬ ಅಂಕಿ ಅವಳಿಗೆ ಅಷ್ಟು ಹಿಡಿಸಿತ್ತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಗಾಜು ಒರೆಸುವ ಬದಲು ಜೋರು ಉರಿ ಕೊಟ್ಟು ಆ ಕಪ್ಪನ್ನು ಸುಟ್ಟುಬಿಟ್ಟರಾಯಿತೆಂದು ಅಕ್ಕ ಗಾಳಿಯ ಕಂಡಿಯನ್ನು ಪೂರ್ತಿ ತೆರೆದಳು. ಚೆನ್ನಾಗಿ ಒಣಗಿದ ಸೌದೆ ಭಗ್ಗೆಂದಿತು. ಸ್ವಲ್ಪ ಹೊತ್ತಿಗೆ ಗೋಡೆಯೊಳಗಿಂದ ಒಂದು ಸದ್ದು ಶುರುವಾಯಿತು.

“ಏನಪ್ಪಾ ಅದು, ಮನೆಯೊಳಗೆ ಬಸ್ಸು ಏರು ಹತ್ತುತ್ತಾ ಇದೆಯಾ?” ಎಂದರು ಅತ್ತೆ.

ಸದ್ದು ಏರುತ್ತಲೇ ಹೋಯಿತು. ಕೊಳವೆ ನಡುಗುತ್ತಿತ್ತು, ಗೋಡೆಯ ಹತ್ತಿರದ ಭಾಗ ಮಂದವಾಗಿ ಕೆಂಪಗಾಗಿತ್ತು. ನಾನು ಬೇಕರಿಯ ಮೆಟ್ಟಿಲ ಮೇಲಿಂದ ನೋಡಿದಾಗ ಅವರ ಸೂರಿನ ಮೇಲೆ ಕಿಡಿಗಳು ಕಾರಂಜಿಯಂತೆ ಚಿಮ್ಮುತ್ತಿದ್ದವು. ಒಳಗೆ ಅಕ್ಕ ತಡಮಾಡಲಿಲ್ಲ. ಗಾಳಿಯ ಕಂಡಿ ಮುಚ್ಚಿದಳು, ಒಲೆಯ ಬಾಗಿಲು ಬಿಗಿದಳು, “ರೀ, ಅತ್ತೇನ ಎತ್ಕೊಳ್ಳಿ!” ಎಂದು ಕೂಗಿದಳು. ಡ್ರೈವರಣ್ಣ ತಾಯಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಬೀದಿಗೆ ಬಂದ. ನಾನು ಅಗ್ನಿಶಾಮಕದವರಿಗೆ ಫೋನ್ ಮಾಡಿದೆ.

ಅವರು ಬೇಗ ಬಂದರು. ಮನೆ ಉಳಿಯಿತು. ಗೋಡೆಯ ಬಣ್ಣ ಕಂದಿತ್ತು, ಕೊಳವೆಯ ಎರಡು ಭಾಗ ಸೀಳಿದ್ದವು, ಸೂರಿನ ಒಂದು ಮೂಲೆಯಲ್ಲಿ ಹಂಚು ಒಡೆದಿತ್ತು. ತಂಡದ ಹಿರಿಯರೊಬ್ಬರು ಕೊಳವೆಯಿಂದ ಒಂದು ಹಿಡಿ ಕಪ್ಪು ಚೂರುಗಳನ್ನು ತೆಗೆದು ಅಕ್ಕನ ಮುಂದೆ ಹಿಡಿದರು. ಗಾಜಿನಂತೆ ಹೊಳೆಯುತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಅಕ್ಕ ಕೇಳಿದಳು, “ಇದು ಎಲ್ಲಿಂದ ಬಂತು ಸರ್? ನಾನು ಹಾಕಿದ್ದು ಒಣ ಸೌದೆ.”

“ಒಣ ಸೌದೆಯಾದ್ರೂ ಉಸಿರು ಕಟ್ಟಿಸಿದ್ರೆ ಹೀಗೇಮ್ಮ. ಗಾಳಿ ಸಾಲದೆ ಹೊಗೆ ಪೂರ್ತಿ ಉರಿಯಲ್ಲ. ಹಾಗೇ ಮೇಲಕ್ಕೆ ಹೋಗಿ, ತಣ್ಣನೆ ಕೊಳವೆಗೆ ಅಂಟ್ಕೊಂಡು ಗಟ್ಟಿಯಾಗುತ್ತೆ. ಒಂದಿನ ಜೋರು ಉರಿ ತಗುಲಿತು ಅನ್ನಿ, ಇದೇ ಸೌದೆಯಾಗಿಬಿಡುತ್ತೆ. ಕೊಳವೆ ಯಾವಾಗ ಗುಡಿಸಿದ್ರಿ?”

ಅಕ್ಕ ಡ್ರೈವರಣ್ಣನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ.

“ಕೊಳವೆ ಗುಡಿಸಬೇಕಾ?” ಎಂದಳು ಅಕ್ಕ, ಬಹಳ ಮೆಲ್ಲಗೆ.

ಅವರು ಹೋದ ಮೇಲೆ ಅವಳು ಬಿದ್ದಿದ್ದ ಕರಕಲನ್ನೆಲ್ಲ ಹಳೆಯ ಪೇಪರಿನಲ್ಲಿ ಗುಡ್ಡೆ ಹಾಕಿ ಅಂಗಡಿಗೆ ಒಯ್ದು ತೂಗಿದಳು. ಸುಡದೆ ಉಳಿದದ್ದೇ ಮೂರು ಕಿಲೋ ಇನ್ನೂರು. ವಾಪಸ್ ಬಂದು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

“ನೀವು ಎರಡು ಸಲ ಹೇಳಿದ್ರಿ ಅತ್ತೆ. ನನ್ನ ಕಿವಿಗೇ ಹೋಗಲಿಲ್ಲ.”

“ಮೂರು ಸಲ,” ಎಂದರು ಅತ್ತೆ. “ಲೆಕ್ಕ ತಪ್ಪಬೇಡ.” ಆಮೇಲೆ ಸೊಸೆಯ ತಲೆಯ ಮೇಲೆ ಕೈ ಇಟ್ಟರು. ಕೂದಲಲ್ಲಿ ಮಸಿ ಇತ್ತು. ಕೈ ಹಾಗೇ ಇಟ್ಟುಕೊಂಡೇ ಇದ್ದರು.

ಆ ವಾರವೇ ತಂತಿಯ ಬ್ರಷ್ಷು, ಒಂದಕ್ಕೊಂದು ತಿರುಗಿಸಿ ಸೇರಿಸುವ ಕೋಲುಗಳು ಮನೆಗೆ ಬಂದವು. ಕೊಳವೆ ಹೊಸದಾಯಿತು. ಸೂರು ಹತ್ತಲು ಡ್ರೈವರಣ್ಣನಿಗೆ ತಲೆಸುತ್ತು. ಅವನು ಕೆಳಗೆ ಏಣಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಅಕ್ಕ ಮೇಲೆ ಬ್ರಷ್ಷು ಇಳಿಸುತ್ತಿದ್ದಳು. ಚಳಿಗೆ ಮೊದಲು ಒಮ್ಮೆ, ಚಳಿಯ ನಡುವೆ ಒಮ್ಮೆ. ಒಲೆ ತುಂಬುವ ಚಾಳಿ ಬಿಟ್ಟಳು. ಸ್ವಲ್ಪ ಸೌದೆ, ಚುರುಕು ಉರಿ. ಮಧ್ಯಾಹ್ನ ಅಂಗಡಿಯಿಂದ ಒಂದು ಗಳಿಗೆ ಬಂದು ಮತ್ತೆರಡು ತುಂಡು ಹಾಕಿ ಹೋಗುತ್ತಿದ್ದಳು. ಒಲೆಯ ಬಾಗಿಲ ಅಂಚಿಗೆ ಗಾಳಿ ನುಸುಳದಂತೆ ಹಗ್ಗದಂಥ ಪಟ್ಟಿಯೊಂದು ಇರುತ್ತದೆ; ಕಾಗದದ ಚೂರನ್ನು ಅದಕ್ಕೆ ಸಿಕ್ಕಿಸಿ ಬಾಗಿಲು ಹಾಕಿ ಎಳೆಯುತ್ತಿದ್ದಳು. ಕಾಗದ ಸಲೀಸಾಗಿ ಬಂದರೆ ಪಟ್ಟಿ ಸವೆದಿದೆ, ಬದಲಾಯಿಸಬೇಕು. ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಅಂಗಳಕ್ಕೆ ಇಡುತ್ತಿದ್ದಳು. ತಣ್ಣಗಾದಂತೆ ಕಾಣುವ ಬೂದಿಯನ್ನು ಎರಡು ದಿನದ ಮೇಲೆ ಕೆದಕಿದರೂ ಒಳಗೆ ಒಂದು ಕೆಂಡ ಕಣ್ಣು ಬಿಟ್ಟಿತಂತೆ. ಅದನ್ನು ತೋರಿಸಲು ನನ್ನನ್ನು ಬೇಕರಿ ಮುಚ್ಚಿಸಿ ಕರೆದುಕೊಂಡು ಹೋಗಿದ್ದಳು.

ನಾಲ್ಕನೆಯ ಚಳಿಗಾಲದಲ್ಲಿ ನಡೆದದ್ದು ಇನ್ನೊಂದು.

ನನ್ನ ಬೇಕರಿಯ ಎದುರು ನಿವೃತ್ತ ಗಣಿತದ ಟೀಚರ್ ಇದ್ದಾರೆ. ಬೀದಿಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಆ ವರ್ಷ ಅವರು ಬೆಳಿಗ್ಗೆ ಬ್ರೆಡ್ ಕೊಂಡು ಹೋಗಿ, ಹತ್ತು ಗಂಟೆಗೆ ಮತ್ತೆ ಬಂದು ಬ್ರೆಡ್ ಕೇಳತೊಡಗಿದರು. ಮೊದಲು ನಾನು ಸುಮ್ಮನೆ ಕೊಟ್ಟೆ. ಮೂರನೆಯ ಸಲ, ಬೆಳಿಗ್ಗೆಯೇ ಕೊಂಡಿರಲ್ಲ ಎಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. ಅವರ ಮನೆಗೆ ಕೇಕು ಕೊಡಲು ಹೋದಾಗ ನೋಡಿದೆ: ಡಬ್ಬಗಳ ಮೇಲೆಲ್ಲ ಚೀಟಿ. ಸಕ್ಕರೆ. ಉಪ್ಪು. ಸ್ವಿಚ್ಚುಗಳ ಮೇಲೆ ಚೀಟಿ. ಬಾಗಿಲಿಗೆ, ‘ಬೀಗದ ಕೈ ತಗೊಂಡೆಯಾ?’ ಎಂದು ಅವರದೇ ದುಂಡಾದ ಅಕ್ಷರದಲ್ಲಿ. ವೈದ್ಯರಿಗೆ ತೋರಿಸಿದರೆ ವಯಸ್ಸು ಎಂದರಂತೆ. ತಂಗಿಯ ಮಗಳಿಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಜಾಗವೊಂದನ್ನು ಹುಡುಕು ಎಂದು ಪತ್ರ ಬರೆದಾಗಿತ್ತು.

ಒಂದು ಬೆಳಿಗ್ಗೆ ಅವರು ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಅಕ್ಕನ ಅಂಗಡಿಗೆ ತಂದರು. ನಾನೂ ನನ್ನ ತಕ್ಕಡಿಗಾಗಿ ಅಲ್ಲೇ ಕಾಯುತ್ತಿದ್ದೆ. ಟೀಚರ್ ಹಣೆ ಒತ್ತಿಕೊಳ್ಳುತ್ತಿದ್ದರು.

“ತಲೆನೋವಾ ಟೀಚರ್?” ಎಂದಳು ಅಕ್ಕ.

“ಬೆಳಗಾದ್ರೆ ಸಿಡಿಯುತ್ತಮ್ಮ. ಎಪ್ಪತ್ತಾರಾಯ್ತಲ್ಲ.”

“ಯಾವ ದಿನ ಇರಲ್ಲ?”

ಟೀಚರ್ ತಲೆ ಎತ್ತಿದರು. ಯಾವಾಗ ನೋಯುತ್ತದೆ ಎಂದು ಕೇಳಿದವರು ಬೇಕಾದಷ್ಟಿದ್ದರು. ಯಾವಾಗ ನೋಯುವುದಿಲ್ಲ ಎಂದು ಯಾರೂ ಕೇಳಿರಲಿಲ್ಲ. ಹಳೆಯ ಲೆಕ್ಕವೊಂದನ್ನು ಬಿಡಿಸುವಂತೆ ಅವರು ಬೆರಳು ಮಡಚತೊಡಗಿದರು.

“ತಂಗಿ ಮಗಳ ಮನೇಲಿ ಮೂರು ದಿನ ಇದ್ದೆ. ಅಲ್ಲಿ ಇರಲಿಲ್ಲ. ಲೈಬ್ರರಿಗೆ ಹೋದ ದಿನ ಮಧ್ಯಾಹ್ನದ ಹೊತ್ತಿಗೆ ಬಿಟ್ಟುಬಿಡುತ್ತೆ.”

“ಬೇಸಿಗೇಲಿ?”

“ಬೇಸಿಗೇಲಿ…” ಟೀಚರ ಬೆರಳು ನಿಂತಿತು. “ಇರಲಿಲ್ಲ ಕಣಮ್ಮ. ಒಂದಿನಾನೂ ಇರಲಿಲ್ಲ.”

ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ನಡೀರಿ, ನಿಮ್ಮ ಮನೆಗೆ ಹೋಗೋಣ.”

ಟೀಚರ್ ಮನೆಯಲ್ಲೂ ಒಂದು ಸೌದೆ ಒಲೆ, ಅಕ್ಕನದಕ್ಕಿಂತ ಚಿಕ್ಕದು. ಚಳಿ ನುಸುಳದಂತೆ ಅವರು ಕಿಟಕಿಗಳ ಸಂದಿಗೆಲ್ಲ ಟೇಪು ಅಂಟಿಸಿದ್ದರು. ಹೊಗೆಯೇನೂ ಕಾಣಲಿಲ್ಲ, ಒಲೆಯಲ್ಲಿ ಬರೀ ಕೆಂಡ, ಅದೂ ಬೂದಿ ಮುಸುಕಿದ್ದು. ಸ್ವಲ್ಪ ಕಮಟು ಇತ್ತು, ಆದರೆ ಟೀಚರಿಗೆ ಚಳಿಗಾಲ ಪೂರ್ತಿ ಮೂಗು ಕಟ್ಟಿರುತ್ತದೆ. ಅಕ್ಕ ಒಂದು ಕಾಗದ ಸುತ್ತಿ, ಹಚ್ಚಿ, ಆರಿಸಿ, ಅದರ ಹೊಗೆಯನ್ನು ಒಲೆಯ ಗಾಳಿಕಂಡಿಗೆ ಹಿಡಿದಳು. ಒಲೆ ಸರಿಯಿದ್ದರೆ ಅದು ಹೊಗೆಯನ್ನು ಒಳಗೆ ಎಳೆದುಕೊಳ್ಳಬೇಕು. ಹೊಗೆ ಒಂದು ಕ್ಷಣ ತಡೆದು, ನಮ್ಮ ಮುಖದ ಕಡೆಗೆ ತಿರುಗಿತು.

ಏಕೆ ಎಂದು ಹುಡುಕಲು ಅಕ್ಕ ಅಲ್ಲಿ ನಿಲ್ಲಲಿಲ್ಲ. ಟೇಪು ಕಿತ್ತು ಕಿಟಕಿ ತೆರೆದಳು, ಟೀಚರ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು, “ಆಸ್ಪತ್ರೆಗೆ ಗಾಡಿ ಕರೆಸು, ಆಮೇಲೆ ಅಗ್ನಿಶಾಮಕದವರಿಗೆ ಹೇಳು, ಆ ಕೆಂಡ ತೆಗೀಬೇಕು,” ಎಂದು ನನಗೆ ಹೇಳಿದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಮೂಗಿಗೆ ಆಮ್ಲಜನಕದ ಮುಖವಾಡ ಕಟ್ಟಿದರು. ಕೆಂಡದಿಂದ ಹುಟ್ಟುವ ವಿಷದ ಗಾಳಿ, ಬಣ್ಣವಿಲ್ಲ, ವಾಸನೆಯಿಲ್ಲ. ದಿನಾ ಸ್ವಲ್ಪ ಸ್ವಲ್ಪ ಉಸಿರಾಡಿದ್ದಾರೆ, ಇನ್ನೊಂದು ತಣ್ಣನೆಯ ವಾರ ಹೀಗೇ ಕಳೆದಿದ್ದರೆ ಬೆಳಿಗ್ಗೆ ಏಳುತ್ತಿರಲಿಲ್ಲ ಎಂದರು ವೈದ್ಯರು.

ಮರುದಿನ ಅಕ್ಕ ಟೀಚರ ಸೂರು ಹತ್ತಿದಳು. ಕೊಳವೆಯ ಟೋಪಿಯ ಕೆಳಗಿನ ಬಲೆಗೆ ಮಸಿ ಮೆತ್ತಿಕೊಂಡು, ಅದರ ಮೇಲೆ ಬೇಸಿಗೆಯಲ್ಲಿ ಯಾವುದೋ ಹಕ್ಕಿ ಕಟ್ಟಿ ಬಿಟ್ಟುಹೋದ ಗೂಡು ಕೂತಿತ್ತು. ಕಡ್ಡಿ, ದಾರ, ಒಂದು ರಿಬ್ಬನ್ ಚೂರು.

ಟೀಚರ್ ಮನೆಗೆ ಮರಳಿ ಹತ್ತು ದಿನವಾದ ಮೇಲೆ ಬೇಕರಿಗೆ ಬಂದು ಒಂದೇ ಒಂದು ಬ್ರೆಡ್ ಕೊಂಡರು. ಅಕ್ಕನೂ ಅಲ್ಲಿದ್ದಳು. ಟೀಚರ್ ಕೌಂಟರಿಗೆ ಒರಗಿ ಅವಳ ಕಡೆ ತಿರುಗಿದರು.

“ನೀನು ಕೇಳಿದ್ದು ಬಹಳ ಸುಲಭದ ಪ್ರಶ್ನೆ ಕಣಮ್ಮ. ನಾನೇ ಕೇಳ್ಕೋಬೇಕಿತ್ತು. ಮಕ್ಕಳಿಗೆ ನಲವತ್ತು ವರ್ಷ ಹೇಳಿದೀನಿ, ಉತ್ತರ ಬರಲಿಲ್ಲ ಅಂದ್ರೆ ಲೆಕ್ಕಾನ ಇನ್ನೊಂದು ಕಡೆಯಿಂದ ನೋಡಿ ಅಂತ. ನನ್ನ ವಿಷಯಕ್ಕೆ ಬಂದಾಗ ಮಾತ್ರ, ಇದು ವಯಸ್ಸು ಅಂತ ಒಪ್ಪಿಕೊಂಡು ಕೂತುಬಿಟ್ಟೆ.” ಅವರು ಕಣ್ಣೊರೆಸಿಕೊಂಡರು. “ಬುದ್ಧಿ ಹೋಗ್ತಾ ಇದೆ ಅಂತ ನನಗೆ ನಾನೇ ವಿದಾಯ ಹೇಳ್ಕೋತಾ ಇದ್ದೆ.”

ಅಕ್ಕನಿಗೆ ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ತಿಳಿಯುವುದಿಲ್ಲ. “ಗೂಡು ನೂರ ತೊಂಬತ್ತು ಗ್ರಾಂ ಇತ್ತು ಟೀಚರ್,” ಎಂದಳು.

ಟೀಚರ್ ಅಳುತ್ತಿದ್ದವರು ಜೋರಾಗಿ ನಕ್ಕುಬಿಟ್ಟರು.

ಆ ತಿಂಗಳಲ್ಲಿ ಅಕ್ಕ ಬೀದಿಯಲ್ಲಿ ಒಲೆ ಇರುವ ಹನ್ನೊಂದು ಮನೆಗಳಿಗೂ ಬ್ರಷ್ಷು ಹಿಡಿದು ಹೋದಳು. ಎರಡು ಮನೆಗಳ ಕೊಳವೆ ಅಪಾಯದ ಅಂಚಿನಲ್ಲಿದ್ದವು. ಈಗ ಎಲ್ಲರ ಮನೆಯಲ್ಲೂ ವಿಷದ ಗಾಳಿ ಬಂದರೆ ಕಿರುಚುವ ಪುಟ್ಟ ಯಂತ್ರವಿದೆ. ಡ್ರೈವರಣ್ಣ ಏಣಿ ಹಿಡಿಯುವುದರಲ್ಲಿ ಎಷ್ಟು ಪಳಗಿದ್ದಾನೆಂದರೆ, ಕೆಲವೊಮ್ಮೆ ಒಂದು ಕಣ್ಣು ಬಿಡುತ್ತಾನೆ.

ಈ ವರ್ಷ ಅಕ್ಕನ ತಲೆ ತಿನ್ನುತ್ತಿರುವುದು ಮೂಲೆಮನೆಯ ದರ್ಜಿಯ ಒಲೆ. ಕೊಳವೆ ಶುಚಿಯಾಗಿದೆ, ಸೌದೆ ಒಣಗಿದೆ, ಬಾಗಿಲು ಬಿಗಿಯಾಗಿದೆ. ಆದರೂ ಆಟದ ಮೈದಾನದ ಕಡೆಯಿಂದ ಗಾಳಿ ಬೀಸಿದ ದಿನ ಮಾತ್ರ ಹೊಗೆ ಮನೆಯೊಳಗೆ ಮಗುಚುತ್ತದೆ. ಪಕ್ಕದ ಎತ್ತರದ ಗೋಡೆಗೆ ಬಡಿದ ಗಾಳಿ ಕೊಳವೆಯ ಮೇಲೆ ಬೀಳುತ್ತಿರಬಹುದು ಎನ್ನುತ್ತಾರೆ ಟೀಚರ್. ಅವರು ಕೋನಗಳನ್ನು ಹಾಕಿ ಚಿತ್ರ ಬರೆದಿದ್ದಾರೆ. ಹಾಗಿದ್ದರೆ ದಿನವಿಡೀ ಒಂದೇ ಸಮ ಮಗುಚಬೇಕಲ್ಲ, ಮಧ್ಯಾಹ್ನವೇ ಏಕೆ ಜಾಸ್ತಿ ಎನ್ನುತ್ತಾಳೆ ಅಕ್ಕ. ಇವತ್ತು ಬೆಳಿಗ್ಗೆ ಬೇಕರಿ ತೆರೆಯುವಾಗ ನೋಡಿದೆ. ಅಕ್ಕ ದರ್ಜಿಯ ಸೂರಿನ ಮೇಲೆ ಒಂದು ಕೋಲಿಗೆ ಬಟ್ಟೆಯ ಪಟ್ಟಿ ಕಟ್ಟಿ ಎತ್ತಿ ಹಿಡಿದಿದ್ದಳು. ಕೆಳಗೆ ಟೀಚರ್ ಶಾಲು ಹೊದ್ದು, ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು.

“ಗೊತ್ತಾಯ್ತಾ?” ಎಂದು ಕೂಗಿದೆ.

“ಇನ್ನೂ ಇಲ್ಲ!” ಎಂದರು ಇಬ್ಬರೂ, ಬಹಳ ಖುಷಿಯಿಂದ.